ಒಣಗದ ನೆಲದ ಪಂಚನಾಮೆ

ಏಪ್ರಿಲ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಗುರುಪುತ್ರಪ್ಪ ಹುದಲಿಯವರು ಬರಿಗಾಲಿನಲ್ಲಿ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದರು. ಇಸ್ತ್ರಿ ಮಾಡಿದ ಪ್ಯಾಂಟು, ಕೈಯಲ್ಲಿ ಫೈಲು, ಅಂಗಿಯ ಜೇಬಿನಲ್ಲಿ ಎರಡು ಪೆನ್ನು ಮತ್ತು ಒಂದು ಚಾಕ್‌ಪೀಸು. ಕಾಲಿಗೆ ಮಾತ್ರ ಏನೂ ಇರಲಿಲ್ಲ. ಪೀರನವಾಡಿಯಿಂದ ಠಾಣೆಯವರೆಗೆ ನಡೆದು ಬಂದ ಅಂಗಾಲಿಗೆ ನಾಲ್ಕು ಬೇವಿನೆಲೆ, ಒಂದು ಬಸ್ ಟಿಕೀಟು ಅಂಟಿಕೊಂಡಿದ್ದವು.

ಹೆಡ್ ಕಾನ್‌ಸ್ಟೇಬಲ್ ಅಲ್ಲಾಭಕ್ಷ ತಲೆ ಎತ್ತಿ ನೋಡಿದರು. ಗುಡಿಗೆ ಹೋದವರ ಕೇಸು ಇರಬೇಕು ಅಂದುಕೊಂಡರು.

"ಚಪ್ಪಲಿ ಕಳವೇನ್ರಿ?"

"ಕಳವಲ್ರಿ. ಎಲ್ಲಿ ಅದಾವ ಅಂತ ಗೊತ್ತದ. ಬರವಲ್ವು, ಅಷ್ಟ. ಇದು ಎರಡನೇ ಜೋಡಿ."

ಅಲ್ಲಾಭಕ್ಷ ಪೆನ್ನು ಕೆಳಗಿಟ್ಟು ಅವರನ್ನು ನೇರವಾಗಿ ಇನ್‌ಸ್ಪೆಕ್ಟರ್ ಕೋಣೆಗೆ ಕರೆದೊಯ್ದರು. ಇಂಥವನ್ನೆಲ್ಲ ಒಬ್ಬನೇ ಹೊರಬಾರದು ಎಂಬುದು ಅವರ ಸೇವಾನುಭವ.

ಇನ್‌ಸ್ಪೆಕ್ಟರ್ ದಾನೇಶ್ವರಿ ಮುಗಳಿಯವರು ಫೈಲು ತೆರೆದು ನೋಡಿದರು. ದೂರು ಅಚ್ಚುಕಟ್ಟಾಗಿತ್ತು. ವಿಷಯ: ಗ್ಯಾರೇಜಿನ ನೆಲ ಒಣಗದಿರುವ ಬಗ್ಗೆ. ಆರೋಪಿ: ಖಾನಾಪುರದ ಬಣ್ಣದಂಗಡಿಯ ತಾಲಿಬ. ಅಪರಾಧ: ಮೋಸ, ಕಲಬೆರಕೆ, ಮಾನಸಿಕ ಹಿಂಸೆ.

"ಏನಾತು, ಬಾಯಾಗ ಹೇಳ್ರಿ."

"ಎಪಾಕ್ಸಿ ಹಾಕೇನ್ರಿ ಗ್ಯಾರೇಜಿನ ನೆಲಕ್ಕ. ನಾನ ಸ್ವತಃ. ಎ ಡಬ್ಬಿ ಅಂದ್ರ ಅಂಟು, ಬಿ ಡಬ್ಬಿ ಅಂದ್ರ ಅದನ್ನ ಗಟ್ಟಿ ಮಾಡೂ ಹಾರ್ಡನರ್. ಎರಡೂ ಕೂಡಿಸಿ ಹಚ್ಚಿದ್ರ ಮರುದಿನ ನೆಲಾ ಕಲ್ಲಾಗಬೇಕು. ಕನ್ನಡಿ ಆಗಬೇಕು. ವಾರ ಆತು, ಇನ್ನೂ ಕಾಕಂಬಿ ಇದ್ದಂಗ ಐತಿ."

"ಅಳತಿ ತಪ್ಪಿರಬೇಕು."

ಗುರುಪುತ್ರಪ್ಪನವರು ಅವಮಾನವಾದಂತೆ ನೋಡಿದರು. ಅವರು ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದು ನಿವೃತ್ತರಾದವರು. ಎರಕದ ತುಂಡನ್ನು ತಟ್ಟಿ, ತಿರುಗಿಸಿ, ಒಂದು ಕೂದಲೆಳೆ ಸೀಳು ಕಂಡರೂ ಚಾಕ್‌ಪೀಸಿನಿಂದ ಇಂಟು ಗುರುತು ಹಾಕುವುದು ಅವರ ಕೆಲಸವಾಗಿತ್ತು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ನಿವೃತ್ತರಾದ ಮೇಲೂ ಚಾಕ್‌ಪೀಸು ಜೇಬಿನಲ್ಲೇ ಉಳಿಯಿತು. ಖಾನಾವಳಿಯ ರೊಟ್ಟಿ, ಬೀಗರ ಮನೆಯ ಕಿಟಕಿ, ಓಣಿಯ ಹೊಸ ಗಟಾರ, ಎಲ್ಲವೂ ಅವರಿಂದ ಇಂಟು ಗುರುತು ಪಡೆದಿದ್ದವು.

"ಅಳತಿ ನಾ ತಪ್ಪೂದಿಲ್ರಿ," ಎಂದರು. "ನೆಲಾ ಸೋಪಿಲೆ ತೊಳದೆ. ಆಸಿಡ್ ಹಾಕಿ ಉಜ್ಜಿದೆ. ಮತ್ತ ತೊಳದೆ. ಒಣಗಿಸಿದೆ. ಪ್ಲಾಸ್ಟಿಕ್ ಹಾಳಿ ಅಂಟಿಸಿಟ್ಟು, ಕೆಳಗ ಪಸೆ ಬರ್ತದೇನು ಅಂತ ನೋಡಿದೆ. ಬರಲಿಲ್ಲ. ಮೂಗಿಗೆ ಫೌಂಡ್ರಿ ಮಾಸ್ಕ್ ಹಾಕ್ಕೊಂಡು, ಒಳಗಿನ ಗ್ವಾಡಿಯಿಂದ ಶುರು ಮಾಡಿ ಹಿಂದ ಹಿಂದ ಸರಕೋತ ಶಟರ್ ತನಕ ರೋಲರ್ ಹೊಡದೆ. ಅಷ್ಟ ಶಿಸ್ತಿಲೆ ಯಾರ್ ಮಾಡ್ತಾರ್ರಿ?"

"ಮನ್ಯಾಗ ಯಾರ್ಯಾರು ಇರ್ತೀರಿ?"

"ನಾನು, ಮತ್ತ ನಮ್ಮ ಮನಿಯಾಕಿ."

"ಹೆಸರು?" ಎಂದರು ಬರೆದುಕೊಳ್ಳುತ್ತಿದ್ದ ಅಲ್ಲಾಭಕ್ಷ.

"ಮನಿಯಾಕಿ ಅಂತ ಬರಕೋರಿ."

ದಾನೇಶ್ವರಿಯವರಿಗೆ ಆ ದಿನ ಕೋರ್ಟಿನ ಸಾಕ್ಷಿ, ಬಂದೋಬಸ್ತಿನ ಸಭೆ ಎರಡೂ ಇದ್ದವು. ಅರ್ಜಿ ಇಟ್ಟು ಹೋಗಿರಿ ಎನ್ನಬೇಕೆಂದಿದ್ದರು. ಆದರೆ ಗುರುಪುತ್ರಪ್ಪನವರು ಇದೇ ದೂರನ್ನು ಅದಾಗಲೇ ಎಲ್ಲ ಮೇಲಧಿಕಾರಿಗಳ ಮೊಬೈಲಿಗೂ ಕಳಿಸಿಯಾಗಿತ್ತು. ಅಂಟಿದ ಚಪ್ಪಲಿಯ ಫೋಟೊ ಸಮೇತ. "ಬೇಗ ಮುಗಿಸಿ" ಎಂದು ಮೇಲಿನಿಂದ ಒಂದು ಸಾಲು ಬಂದಿತ್ತು. ದಾನೇಶ್ವರಿ ನಿಟ್ಟುಸಿರು ಬಿಟ್ಟು ಎಫ್‌ಐಆರ್ ಬರೆಸಿದರು. ಆರೋಪಿಯ ಹೆಸರಿನ ಜಾಗದಲ್ಲಿ ತಾಲಿಬನ ಬದಲು "ಅಪರಿಚಿತರು" ಎಂದು ಹಾಕಿಸಿದರು.

ಸ್ಥಳ ಪಂಚನಾಮೆಗೆ ಹೊರಟಾಗ ಬಿಸಿಲು ನೆತ್ತಿಗೇರಿತ್ತು. ಹುದಲಿಯವರ ಮನೆ ಪೀರನವಾಡಿಯ ಹೊಸ ಬಡಾವಣೆಯ ಕೊನೆಯಲ್ಲಿ. ಮನೆಯ ಮುಂದಿನ ರಸ್ತೆಯ ಅಂಚಿಗೆ ಮೂರು ಹೊರಸು ಮಂಚ ಹಾಕಿ, ಎಂಟ್ಹತ್ತು ಹೆಂಗಸರು ಸೆರಗು ತಲೆಗೆ ಎಳೆದುಕೊಂಡು ಉದ್ದಿನ ಹಪ್ಪಳ ಲಟ್ಟಿಸುತ್ತಿದ್ದರು. ಒಂದು ಸ್ಕೂಟರ್ ಹೋದರೆ ಎಲ್ಲರೂ ಒಟ್ಟಿಗೆ ಹಪ್ಪಳಗಳ ಮೇಲೆ ಬಾಗಿ ಧೂಳಿಗೆ ಬೆನ್ನು ಕೊಡುತ್ತಿದ್ದರು. ನಾಯಿ ಕಾಯುವ ಕೆಲಸಕ್ಕೇ ಒಬ್ಬಾಕೆ ಕೋಲು ಹಿಡಿದು ಕೂತಿದ್ದಳು.

"ಇದೇನ್ರಿ, ರಸ್ತಾದಾಗ?" ದಾನೇಶ್ವರಿ ಕೇಳಿದರು.

ಉತ್ತರ ಕೊಟ್ಟಾಕೆ ನಸೀಬಾ, ಎದುರು ಮನೆಯಾಕೆ. ಆಕೆಯ ಕೈ ನಿಂತರೂ ಬಾಯಿ ನಿಲ್ಲುವುದಿಲ್ಲ.

"ಮತ್ತೆಲ್ಲಿ ಹೋಗೂಣ್ರಿ ಮೇಡಂ? ವರ್ಷಾ ವರ್ಷಾ ಈ ಗ್ಯಾರೇಜಿನ್ಯಾಗ ಕುಂದರ್ತಿದ್ವಿ. ತಂಪು, ಗಾಳಿ, ಧೂಳಿಲ್ಲ. ಹಪ್ಪಳಾ, ಸಂಡಿಗಿ, ಶಾವಿಗಿ, ಇಡೀ ಓಣೀದು ಇಲ್ಲೇ ಆಗ್ತಿತ್ತು. ಈ ವರ್ಷ ಅಣ್ಣಾರು ಕನ್ನಡಿ ನೆಲಾ ಮಾಡ್ತೇನಿ, ಇನ್ಮ್ಯಾಲ ಒಂದು ಹೆಣ್ಣಾಳು ಒಳಗ ಕಾಲಿಡಬಾರದು ಅಂದ್ರು. ಕಾರ್ ಬರ್ತದಂತ."

"ಕಾರ್ ಬರ್ತದ," ಎಂದರು ಗುರುಪುತ್ರಪ್ಪ ಗಂಭೀರವಾಗಿ. "ಖಾನಾಪುರದಾಗ ರಿಪೇರಿಗೆ ಐತಿ."

"ಎಂಟು ವರ್ಷ ಆತ್ರಿ ಅದು ಬರಾಕತ್ತು," ಎಂದಳು ನಸೀಬಾ.

ಶಟರು ಎತ್ತಿದರು. ಬೂದು ಬಣ್ಣದ ನೆಲ ನಿಜಕ್ಕೂ ಕನ್ನಡಿಯಂತೆ ಹೊಳೆಯುತ್ತಿತ್ತು. ನೋಡಿದರೆ ಕೈ ಮುಗಿಯಬೇಕು, ಅಷ್ಟು ಚೆಂದ. ನಡುವೆ ಒಂದು ಜೋಡಿ ಕಂದು ಚಪ್ಪಲಿ ಯಾರೋ ಅದೃಶ್ಯರು ತೊಟ್ಟುಕೊಂಡು ನಿಂತಂತೆ ನಿಂತಿತ್ತು. ಅದರಿಂದ ಎರಡು ಹೆಜ್ಜೆ ಈಚೆ ಕಪ್ಪು ಜೋಡಿ.

ಪಂಚರಾಗಿ ಬಾಜೂ ಮನೆಯ ವಿನಯ ಮತ್ತು ಓಣಿಯ ಕಿರಾಣಿ ಅಂಗಡಿಯವರು ಬಂದು ರಸ್ತೆಯಲ್ಲೇ ನಿಂತರು. ಒಳಗೆ ಬರುವುದಿಲ್ಲ, ಕಣ್ಣು ಚೆನ್ನಾಗಿವೆ, ಇಲ್ಲಿಂದಲೇ ಕಾಣುತ್ತದೆ ಎಂದರು. ವಿನಯನ ಗ್ಯಾರೇಜಿಗೆ ಟೈಲ್ಸು. "ಟೈಲ್ಸ್ ಹಾಕಸ್ರಿ ಕಾಕಾ ಅಂತ ಹೇಳಿದ್ದೆ," ಎಂದು ಅವನು ಇನ್‌ಸ್ಪೆಕ್ಟರಿಗೆ ಮಾತ್ರ ಕೇಳುವಂತೆ, ಅಂದರೆ ಇಡೀ ಓಣಿಗೆ ಕೇಳುವಂತೆ ಹೇಳಿದ.

"ಇವನ ಮ್ಯಾಲೂ ನನಗ ಸಂಶಯ ಐತಿ," ಎಂದರು ಗುರುಪುತ್ರಪ್ಪ.

"ನಾ ಆ ವಾರ ಕೊಲ್ಹಾಪುರದಾಗ ಲಗ್ನದಾಗಿದ್ದೆ. ಫೋಟೊ ಅದಾವ."

ಫೋಟೊ ತೋರಿಸಿದ. ಊಟದ ಫೋಟೊಗಳೇ ಹೆಚ್ಚಿದ್ದವು. ಸಂಶಯ ಅಲ್ಲಿಗೆ ಮುಗಿಯಿತು.

ಅಲ್ಲಾಭಕ್ಷ ಅಳತೆ ತೆಗೆದುಕೊಳ್ಳಲು ಒಂದು ಹೆಜ್ಜೆ ಒಳಗಿಟ್ಟರು. ಎರಡನೆಯದನ್ನು ಇಡಲಾಗಲಿಲ್ಲ. ಬಲಗಾಲು ಹೊರಗೆ, ಎಡಗಾಲು ಒಳಗೆ, ನಡುವೆ ಸರಕಾರಿ ನೌಕರ. ಕೊನೆಗೆ ಬೂಟಿನ ದಾರ ಬಿಚ್ಚಿ ಕಾಲನ್ನಷ್ಟೇ ಎಳೆದುಕೊಂಡರು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಪಂಚನಾಮೆಯಲ್ಲಿ ಹೀಗೆ ದಾಖಲಾಯಿತು: "ಸದರಿ ನೆಲದ ಮೇಲೆ ಎರಡು ಜೊತೆ ಚಪ್ಪಲಿ, ಒಂದು ಅಳತೆಯ ಟೇಪು, ಗಾಳಿಗೆ ಹಾರಿ ಬಂದ ಎರಡು ಉದ್ದಿನ ಹಪ್ಪಳ, ಹಾಗೂ ಪಂಚನಾಮೆಗೆ ಹೋದ ಹೆಡ್ ಕಾನ್‌ಸ್ಟೇಬಲ್‌ರವರ ಎಡಗಾಲಿನ ಬೂಟು ಅಂಟಿಕೊಂಡಿರುವುದು ಕಂಡುಬಂದಿರುತ್ತದೆ."

"ಹಪ್ಪಳಾ ನಮ್ಮವು," ಎಂದು ನಸೀಬಾ ದಾಖಲೆಗಾಗಿ ಹೇಳಿದಳು.

ಎ ಮತ್ತು ಬಿ ಖಾಲಿ ಡಬ್ಬಿಗಳನ್ನು ಜಪ್ತಿ ಮಾಡಿದರು. ತಳದಲ್ಲಿ ಸ್ವಲ್ಪ ಸ್ವಲ್ಪ ಉಳಿದಿತ್ತು. ಅಷ್ಟರಲ್ಲಿ ಮನೆಯೊಳಗಿನಿಂದ ಗುರುಪುತ್ರಪ್ಪನವರ ಹೆಂಡತಿ ಚಹಾ ತಂದರು. ಐವತ್ತೈದರ ಆಸುಪಾಸು, ಹಣೆಗೆ ವಿಭೂತಿ, ಮೊಣಕೈವರೆಗೆ ಉದ್ದಿನ ಹಿಟ್ಟು.

"ನಿಮ್ಮ ಹೆಸರೇನ್ರಿ ಅಕ್ಕಾರ?" ಅಲ್ಲಾಭಕ್ಷ ಕೇಳಿದರು.

"ಕಾಂತಾ."

"ಯಜಮಾನರ ಹೆಸರು?"

ಕಾಂತಾ ನಕ್ಕು ಮುಖ ತಿರುಗಿಸಿದರು. ಈ ಕಡೆಯ ಹಳೆಯ ಪದ್ಧತಿಯವರಲ್ಲಿ ಗಂಡ ಹೆಂಡತಿ ಒಬ್ಬರ ಹೆಸರನ್ನೊಬ್ಬರು ಸುಮ್ಮನೆ ಬಾಯಲ್ಲಿ ಆಡುವುದಿಲ್ಲ. ಪ್ರಾಸದ ಸಾಲೊಂದನ್ನು ಕಟ್ಟಿ, ಅದರೊಳಗೆ ಹೆಸರಿಟ್ಟು ಹೇಳಬೇಕು. ಅದಕ್ಕೆ ಒಡಪು ಎನ್ನುತ್ತಾರೆ. ಮದುವೆಯಲ್ಲಿ ಹೇಳದೆ ಬೀಗರು ಬಾಗಿಲು ಬಿಡುವುದಿಲ್ಲ. ನಸೀಬಾ ಚಪ್ಪಾಳೆ ತಟ್ಟಿ "ಒಡಪು, ಒಡಪು" ಎಂದಳು. ಕಾಂತಾ ಹಿಟ್ಟಿನ ಕೈಯಿಂದಲೇ ಸೆರಗು ಸರಿಮಾಡಿಕೊಂಡು ಹೇಳಿದರು:

"ಗಾಳೀಗೆ ಒಣಹಾಕೇನಿ ಎಳಿ ಎಳಿ ಶಾವಿಗಿ,
ಗುರುಪುತ್ರಪ್ಪನವರ ಹೆಸರ ಹೇಳತೇನಿ ಪೊಲೀಸರ ಸಲುವಾಗಿ."

ಹೆಂಗಸರು ಹೋ ಎಂದರು. ಅಲ್ಲಾಭಕ್ಷ ಅದನ್ನು ಇದ್ದಂತೆ ಬರೆದುಕೊಂಡು ಆಮೇಲೆ ಹೊಡೆದುಹಾಕಿದರು.

"ಅಣ್ಣಾರು ಹೇಳ್ತಾರೇನು?" ದಾನೇಶ್ವರಿ ಕೇಳಿದರು.

"ಲಗ್ನದಾಗ ನಾ ಹೇಳಿದೆ. ಇವರು ಬಸ್ಸಿಗೆ ಹೊತ್ತಾಗ್ತದ ಅಂತ ಎದ್ದು ಹೋದ್ರು," ಎಂದರು ಕಾಂತಾ. "ಅದು ಇನ್ನೂ ಬಾಕಿ ಐತ್ರಿ."

ನಗುತ್ತಲೇ ಹೇಳಿದರು. ಆದರೂ ದಾನೇಶ್ವರಿಯವರಿಗೆ ಆ ನಗು ಪೂರ್ತಿ ನಗುವಾಗಿ ಕಾಣಲಿಲ್ಲ. ಚಹಾ ಕುಡಿಯುತ್ತ ಅವರು ಪಡಸಾಲೆಯತ್ತ ನೋಡಿದರು. ಒಂದು ಚಾಪೆಯ ಮೇಲೆ ವರ್ಷದ ತೊಗರಿ ಬೇಳೆ ಹರಡಿತ್ತು. ಪಕ್ಕದಲ್ಲಿ ಮೊರ, ಬೇಳೆಯ ಖಾಲಿ ಡಬ್ಬಿ. ಬೇಳೆಯ ನಡುವೆ ಸಣ್ಣ ಕಪ್ಪು ಹುಳ ಓಡಾಡುತ್ತಿದ್ದವು.

"ನುಸಿ ಹತ್ಯಾವಲ್ರಿ?"

"ಹೂಂ ರೀ, ಈ ವರ್ಷ ಯಾಕೋ," ಎಂದು ಕಾಂತಾ ಲೋಟ ಎತ್ತಿಕೊಂಡು ಒಳಗೆ ಹೋದರು.

ಗುರುಪುತ್ರಪ್ಪನವರು ಚಾಕ್‌ಪೀಸು ತೆಗೆದು ಬೇಳೆಯ ಡಬ್ಬಿಯ ಮೇಲೆ ಒಂದು ಇಂಟು ಗುರುತು ಹಾಕಿದರು.

ಮರುದಿನ ಖಾನಾಪುರ ಠಾಣೆಗೆ ತಿಳಿಸಿ, ದಾನೇಶ್ವರಿ ಮತ್ತು ಅಲ್ಲಾಭಕ್ಷ ಜೀಪಿನಲ್ಲಿ ಹೊರಟರು. ಅಲ್ಲಾಭಕ್ಷರ ಕಾಲಿಗೆ ಮಗನ ಕ್ರಿಕೆಟ್ ಬೂಟು. ಅದರ ಪಟ್ಟಿ ಹಸಿರು ಬಣ್ಣದ್ದು. ದೇಸೂರು ದಾಟುವವರೆಗೂ ಅವರು ಅದರ ಬಗ್ಗೆ ಮಾತಾಡಲಿಲ್ಲ, ಇನ್‌ಸ್ಪೆಕ್ಟರೂ ಕೇಳಲಿಲ್ಲ.

ತಾಲಿಬನ ಅಂಗಡಿ ಖಾನಾಪುರದ ಪೇಟೆಯಲ್ಲಿ. ಮೂವತ್ತರ ತರುಣ. ಒಬ್ಬ ಗಿರಾಕಿಗೆ ಮರಾಠಿಯಲ್ಲಿ ಸುಣ್ಣದ ದರ, ಇನ್ನೊಬ್ಬರಿಗೆ ಕನ್ನಡದಲ್ಲಿ ಬ್ರಷ್ಷಿನ ಗುಣ ಹೇಳುತ್ತ, ಒಳಗಿದ್ದ ಹೆಂಡತಿ ಅರ್ಶಿಯಾಳನ್ನು ದಖನಿ ಉರ್ದುವಿನಲ್ಲಿ ಚಿಲ್ಲರೆ ಕೇಳುತ್ತಿದ್ದವನು ಪೊಲೀಸರನ್ನು ಕಂಡು ಮೂರೂ ಭಾಷೆಯಲ್ಲಿ ಸುಮ್ಮನಾದ.

"ಹುದಲಿ ಸಾಹೇಬ್ರ ವಿಷಯೇನ್ರಿ? ನನಗೂ ಆ ನೆಲದ ವಿಡಿಯೊ ಕಳಿಸ್ಯಾರ. ಊರಿಗೆಲ್ಲಾ ಕಳಿಸ್ಯಾರ. ಎರಡು ದಿನದಿಂದ ಗಿರಾಕಿ ಬಂದು ಡಬ್ಬಿ ಮೂಸಿ ನೋಡಿ ಹೊಂಟಾರ್ರಿ, ತಗೋವಲ್ರು."

"ಅದ ಥರದ ಡಬ್ಬಿ ಐತೇನು?"

"ಐತಿ."

"ಒಡದು ತೋರಸು."

ತಾಲಿಬ ಹೊಸ ಬಿ ಡಬ್ಬಿಯ ಮುಚ್ಚಳ ಎಬ್ಬಿಸಿದ. ಕೊಳೆತ ಮೀನಿಗೆ ನವಸಾಗರ ಬೆರೆಸಿದಂಥ ಘಾಟು ಮೂಗಿಗೆ ಬಡಿಯಿತು. ದಾನೇಶ್ವರಿ ಕರ್ಚೀಫು ಹಿಡಿದರು. ತಾಲಿಬ ಎರಡನ್ನೂ ಅಳತೆಯಂತೆ ಒಂದು ಪ್ಲಾಸ್ಟಿಕ್ ಲೋಟಕ್ಕೆ ಹಾಕಿ, ಕಡ್ಡಿ ಕೊಟ್ಟ. ಅಲ್ಲಾಭಕ್ಷ ತಿರುವುತ್ತ ಕೂತರು. ಅರ್ಧ ತಾಸು ಏನೂ ಆಗಲಿಲ್ಲ. ಆಮೇಲೆ ಲೋಟ ಬಿಸಿಯಾಯಿತು, ಹೊಗೆಯಾಡಿತು, ಅಲ್ಲಾಭಕ್ಷ ಎದ್ದು ದೂರ ನಿಂತರು. ಸ್ವಲ್ಪ ಹೊತ್ತಿಗೆ ಲೋಟದೊಳಗೆ ಕಡ್ಡಿ ಧ್ವಜಸ್ತಂಭದಂತೆ ನೆಟ್ಟಗೆ ನಿಂತು ಬಿಟ್ಟಿತು.

"ಮಾಲ್ ಖರೇ ಐತಿ," ಎಂದರು ದಾನೇಶ್ವರಿ. "ಈಗ ನಮ್ಮ ಡಬ್ಬಿ ತಗೀರಿ."

ಜಪ್ತಿಯ ಬಿ ಡಬ್ಬಿಯ ಮುಚ್ಚಳ ತೆಗೆದರು. ಘಾಟಿಲ್ಲ. ಬಣ್ಣ ಮಾತ್ರ ಅದೇ ಎಳೆ ಹಳದಿ; ಮಾಸ್ಕ್ ಹಾಕಿಕೊಂಡವರಿಗೆ ವ್ಯತ್ಯಾಸ ತಿಳಿಯುವಂತಿರಲಿಲ್ಲ. ಅಲ್ಲಾಭಕ್ಷ ಮೂಗು ಹತ್ತಿರ ತಂದವರೇ ಮುಖ ಸಿಂಡರಿಸಿ, ಹೊಟ್ಟೆ ಹಿಡಿದುಕೊಂಡು ಎರಡು ಹೆಜ್ಜೆ ಹಿಂದೆ ಸರಿದರು.

"ಏನಾತ್ರಿ?"

"ಮೇಡಂ, ಇದು ಔಡಲ ಎಣ್ಣಿ. ಸಣ್ಣಂವಿದ್ದಾಗ ನಮ್ಮ ಅಮ್ಮಿ ಸೂಟಿ ಬಿಟ್ಟ ಕೂಡಲೇ ಮೂಗು ಹಿಡದು ಕುಡಸ್ತಿದ್ಲು, ಹೊಟ್ಟಿ ಸ್ವಚ್ಛ ಆಗಲಿ ಅಂತ. ಈ ವಾಸನಿ ನಾ ಸತ್ತರೂ ಮರಿಯಾಂವಲ್ಲ."

ದಾನೇಶ್ವರಿ ಒಂದು ಹನಿ ಬೆರಳಿಗೆ ಹಚ್ಚಿ ಮೂಸಿದರು. ಅವರಿಗೆ ನೆನಪಾದದ್ದು ಬೇರೆ. ಬೇಸಿಗೆಯಲ್ಲಿ ಅವ್ವ ಅಂಗಳದಲ್ಲಿ ಕೂತು, ಅಂಗೈಗೆ ಔಡಲ ಎಣ್ಣೆ ಹಾಕಿಕೊಂಡು, ವರ್ಷದ ತೊಗರಿ ಬೇಳೆಗೆ ಸವರಿ ಸವರಿ ಬಿಸಿಲಿಗಿಡುತ್ತಿದ್ದಳು. ಹಾಗೆ ಎಣ್ಣೆ ಹಚ್ಚಿದ ಬೇಳೆಗೆ ನುಸಿ ಹತ್ತುವುದಿಲ್ಲ. ಈ ಸೀಮೆಯಲ್ಲಿ ಇದನ್ನು ಮರೆಯುವ ಗೃಹಿಣಿ ಇಲ್ಲ. ಮದುವೆ ಮರೆತಾರು, ಬೇಳೆಗೆ ಎಣ್ಣೆ ಮರೆಯರು. ವರ್ಷವರ್ಷವೂ ಓಣಿಯ ಹಪ್ಪಳ ಮಾಡಿಸುವ ಹೆಂಗಸು ಈ ವರ್ಷ ಬೇಳೆಗೆ ಎಣ್ಣೆ ಹಚ್ಚದೆ ಯಾಕೆ ಬಿಟ್ಟಳು?

"ಅಲ್ಲಾಭಕ್ಷ," ಎಂದರು, "ಹುದಲಿಯವರ ಮನಿಯಾಕಿ ತವರುಮನಿ ಯಾವೂರು?"

"ಪಾರಿಶ್ವಾಡ ಅಂತ ನಸೀಬಾ ಹೇಳಿದ್ಲ್ರಿ. ಕೇಳದನ ಹೇಳಿದ್ಲು."

ಹೊರಡುವ ಮುಂಚೆ ತಾಲಿಬ ಬಾಜೂ ಗ್ಯಾರೇಜಿನತ್ತ ಕೈ ತೋರಿದ. ಹುದಲಿಯವರ ಕಾರು ಅಲ್ಲಿತ್ತು. ಎಂಜಿನ್ ಇರಲಿಲ್ಲ. ಡ್ರೈವರ್ ಸೀಟಿನಲ್ಲಿ ಒಂದು ಕೋಳಿ ಕಾವಿಗೆ ಕೂತಿತ್ತು.

ಪಾರಿಶ್ವಾಡದಲ್ಲಿ ಕಾಂತಾ ಅವರ ತಮ್ಮ ಕಲ್ಲಯ್ಯ ಹೊಲದಿಂದ ಆಗಷ್ಟೇ ಬಂದಿದ್ದ. ಪೊಲೀಸರನ್ನು ಕಂಡು ಗಾಬರಿಯಾಗಿ ಮೊದಲು ನೀರು ಕೊಟ್ಟ, ಆಮೇಲೆ ಬೆಲ್ಲ ಕೊಟ್ಟ, ಆಮೇಲೆ ಬೆವರು ಒರೆಸಿಕೊಂಡ.

"ಅಕ್ಕಗ ಔಡಲ ಎಣ್ಣಿ ಯಾರ್ ಕೊಡ್ತಾರ?"

"ನಾನ ರೀ. ನಮ್ಮ ಹೊಲದ ಔಡಲ. ಅಂಗಡಿ ಎಣ್ಣಿ ಅಕಿ ಮುಟ್ಟೂದಿಲ್ಲ."

"ಈ ವರ್ಷ ಕೊಟ್ಟಿ?"

"ಯುಗಾದಿ ಮುಂದ ಕ್ಯಾನ್ ತುಂಬಿ ಕೊಟ್ಟೇನ್ರಿ. ಮೊನ್ನೆ ಫೋನ್ ಹಚ್ಚಿ ಮತ್ತ ಬೇಕು ಅಂದ್ಲು. ಅಷ್ಟು ಎಣ್ಣಿ ಏನ್ ಮಾಡಿದಿ ಅಕ್ಕಾ ಅಂದೆ. ನೆಲಕ್ಕ ಬಿತ್ತು ಅಂದ್ಲು."

ದಾನೇಶ್ವರಿ ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡರು. ಹೇಳಿಕೆಯಲ್ಲಿ ಸುಳ್ಳೇನೂ ಇರಲಿಲ್ಲ.

ಸಂಜೆ ನಾಲ್ಕಕ್ಕೆ ಜೀಪು ಪೀರನವಾಡಿಗೆ ಬಂದಾಗ ಹೆಂಗಸರು ಹೊರಸಿನ ಮೇಲೆಯೇ ಇದ್ದರು. ಗುರುಪುತ್ರಪ್ಪನವರು ಚಪ್ಪಲಿ ಕೊಳ್ಳಲು ಬೆಳಗಾವಿ ಪೇಟೆಗೆ ಹೋಗಿದ್ದರು. ದಾನೇಶ್ವರಿ ಒಂದು ಮಣೆ ಎಳೆದುಕೊಂಡು ಕಾಂತಾ ಅವರ ಎದುರು ಕೂತರು.

"ಬ್ಯಾಳಿಗೆ ಎಣ್ಣಿ ಯಾಕ ಹಚ್ಚಿಲ್ರಿ?"

ಕಾಂತಾ ಅವರ ಲಟ್ಟಣಿಗೆ ನಿಂತಿತು. "ಎಣ್ಣಿ ತೀರಿತ್ರಿ."

"ಕಲ್ಲಯ್ಯ ಕ್ಯಾನ್ ತುಂಬಿ ಕೊಟ್ಟಿದ್ನಂತ."

ಇತರ ಲಟ್ಟಣಿಗೆಗಳೂ ಒಂದೊಂದಾಗಿ ನಿಂತವು. ಬಾಯಿ ನಿಲ್ಲದ ನಸೀಬಾ ಕೂಡ ಉಂಡೆಯೊಂದನ್ನು ಸುಮ್ಮನೆ ತಿರುಗಿಸುತ್ತಿದ್ದಳು.

"ನಿಮ್ಮ ಯಜಮಾನರು ತಾಲಿಬನ ಹೆಸರು ಬರಕೊಟ್ಟಾರ," ಎಂದರು ದಾನೇಶ್ವರಿ. "ಎರಡು ದಿನದಿಂದ ಅವನ ಅಂಗಡಿಗೆ ಗಿರಾಕಿ ಇಲ್ಲ. ಹೊಸಾ ಸಂಸಾರ."

ಕಾಂತಾ ಕೈಯ ಹಿಟ್ಟು ಒರೆಸಿಕೊಂಡು ಎದ್ದರು. "ಆ ಹುಡುಗಂದು ಏನೂ ತಪ್ಪಿಲ್ರಿ. ನಾನ ಮಾಡೇನಿ."

ಒಳಗೆ ಹೋಗಿ ಅಟ್ಟದಿಂದ ಒಂದು ಹಳೆಯ ಉಪ್ಪಿನಕಾಯಿ ಭರಣಿ ಇಳಿಸಿಕೊಂಡು ಬಂದರು. ಬಾಯಿಗೆ ಪ್ಲಾಸ್ಟಿಕ್ ಕಟ್ಟಿತ್ತು, ಮೇಲೆ ಚಾಕ್‌ಪೀಸಿನ ದೊಡ್ಡ ಇಂಟು ಗುರುತಿತ್ತು. "ಯಾರರ ಉಪ್ಪಿನಕಾಯಿ ಅಂತ ತಗದಾರು ಅಂತ ಗುರುತು ಹಾಕಿದ್ದೆ. ಅವರ ಬಿ ಡಬ್ಬಿ ಸಾಮಾನು ಒಂದು ಹನಿ ಚೆಲ್ಲಿಲ್ರಿ. ಅಳದು ತಗದು, ಅಷ್ಟ ಅಳದು ಎಣ್ಣಿ ಹಾಕೇನಿ."

ಭರಣಿಯ ಬಾಯಿ ಬಿಚ್ಚಿದ ಅಲ್ಲಾಭಕ್ಷ ಮೀನಿನ ಘಾಟಿಗೆ ಕೂಡಲೇ ಕಟ್ಟಿದರು. ಸಾಕ್ಷ್ಯ ಗಟ್ಟಿಯಾಗಿತ್ತು, ನೆಲ ಮಾತ್ರ ಆಗಿರಲಿಲ್ಲ.

"ಏನ್ ಆಗ್ತದ ಅಂತ ತಿಳಿದಿದ್ರಿ?"

"ಅಂಟು ಹಿಡೀದ ಇದ್ರ ಎಣ್ಣಿ ಇದ್ದಂಗ ಒರಸಿ ತಗೀಬಹುದು, ರಿಜೆಕ್ಟ್ ಅಂತ ಬಿಟ್ಟುಬಿಡ್ತಾರ, ಹಳೇ ನೆಲಾ ಹಳೇದಂಗ ನಮಗ ಉಳೀತದ ಅಂತ ತಿಳಿದಿದ್ದೆ. ಇದು ನೋಡಿದ್ರ ನಮಗೂ ಇಲ್ಲ, ಅವರಿಗೂ ಇಲ್ಲ."

"ಮುಚ್ಚಳಾ ನಾ ಹಿಡದಿದ್ದೆ," ಎಂದಳು ನಸೀಬಾ ತಟ್ಟನೆ.

"ನಾ ಬಾಗಲಾ ಕಾದಿದ್ದೆ," ಎಂದಳು ನಾಯಿಯ ಕೋಲಿನಾಕೆ. ಕ್ಷಣದಲ್ಲಿ ಇಡೀ ಓಣಿ ತಪ್ಪೊಪ್ಪಿಕೊಂಡಿತು. ಆ ದಿನ ಊರಲ್ಲೇ ಇಲ್ಲದಿದ್ದ ಒಬ್ಬಾಕೆ ಕೂಡ ತನ್ನ ಹೆಸರು ಬರೆಯಿರಿ ಎಂದು ಪಟ್ಟು ಹಿಡಿದಳು.

"ಠಾಣೆಗೆ ನಡೀರಿ," ಎಂದರು ದಾನೇಶ್ವರಿ ಕಾಂತಾ ಅವರಿಗೆ.

"ಬರ್ತೇನ್ರಿ. ಈಟು ಹಿಟ್ಟು ಉಳದೈತಿ. ಹದ ಹೋದ್ರ ಎಲ್ಲಾರ ಹಪ್ಪಳಾ ಸೀಳ್ತಾವ."

ಹದಕ್ಕೆ ಬಂದ ಹಿಟ್ಟನ್ನು ಬಿಟ್ಟು ಬಾ ಎನ್ನಲು ದಾನೇಶ್ವರಿಯವರಿಗೆ ಬಾಯಿ ಬರಲಿಲ್ಲ. ಪೊಲೀಸರಿಬ್ಬರೂ ಕೂತು ಕಾದರು. ಬಂಧನದ ಮೆಮೊದಲ್ಲಿ ವೇಳೆ ಎಂಬ ಕಡೆ ಅಲ್ಲಾಭಕ್ಷ "ಹಿಟ್ಟು ಮುಗಿದ ನಂತರ" ಎಂದು ಬರೆದಿದ್ದರು. ಇನ್‌ಸ್ಪೆಕ್ಟರ್ ಅದನ್ನು ತಿದ್ದಿ 5.20 ಮಾಡಿದರು.

ಗುರುಪುತ್ರಪ್ಪನವರು ಹೊಸ ಚಪ್ಪಲಿ ಮೆಟ್ಟಿಕೊಂಡು, ಆರೋಪಿ ಸಿಕ್ಕ ಸುದ್ದಿಗೆ ಉತ್ಸಾಹದಿಂದ ಠಾಣೆಗೆ ಬಂದರು. ಮುಂದೆ ಬೆಂಚಿನ ಮೇಲೆ ಹೆಂಡತಿ ಕೂತಿದ್ದರು. ಹಿಂದೆ ಗೋಡೆಗುಂಟ ಓಣಿಯೇ ನಿಂತಿತ್ತು.

"ಏ, ಕೇಳಿಲ್ಲಿ, ನೀ ಯಾಕ ಬಂದಿ?"

"ಇವರ ನೋಡ್ರಿ ಆರೋಪಿ," ಎಂದರು ದಾನೇಶ್ವರಿ.

ಗುರುಪುತ್ರಪ್ಪನವರು ಭರಣಿ ನೋಡಿದರು. ಅದರ ಮೇಲಿನ ಇಂಟು ಗುರುತು ನೋಡಿದರು.

"ಯಾಕ?" ಎಂದರು ಕೊನೆಗೆ.

ಕಾಂತಾ ತಲೆ ಎತ್ತಿದರು. ದನಿ ಏರಲಿಲ್ಲ. "ಮನ್ಯಾಗ ನಾ 'ಏ, ಕೇಳಿಲ್ಲಿ'. ಮಕ್ಕಳಿಗೆ ಅವ್ವ. ಮಂದಿಗೆ ಹುದಲಿ ಸಾಹೇಬರ ಮನಿಯಾಕಿ. ಆ ಗ್ಯಾರೇಜಿನ್ಯಾಗ ಅಷ್ಟ 'ಕಾಂತಾ, ಉಪ್ಪು ನೋಡು. ಕಾಂತಾ, ಹಿಟ್ಟು ಹದ ಆತೇನು' ಅಂತ ಹತ್ತು ಮಂದಿ ಕರೀತಾರ. ವರ್ಷದಾಗ ಒಂದು ತಿಂಗಳಾ ನಾ ಕಾಂತಾ ಆಗಿರ್ತೇನಿ. ನನ್ನ ಹಪ್ಪಳಕ್ಕ ಇಂಟು ಹಾಕಿದ್ರಿ, ಸುಮ್ಮನಿದ್ದೆ. ಶಾವಿಗಿಗೆ ಹಾಕಿದ್ರಿ, ಸುಮ್ಮನಿದ್ದೆ. ಆ ತಿಂಗಳಿಗೂ ಹಾಕಿದ್ರಿ. ನಿಮ್ಮ ಕನ್ನಡಿ ನೆಲಾ ಬ್ಯಾಡ ಅಂದಿಲ್ಲ ನಾ. ನಮ್ಮನ್ನ ಹೊರಗ ಹಾಕಬ್ಯಾಡ್ರಿ ಅಂದೆ. ಅದು ನಿಮಗ ಕೇಳಸಲಿಲ್ಲ."

ಅಲ್ಲಾಭಕ್ಷ ತಮ್ಮ ಹಸಿರು ಪಟ್ಟಿಯ ಬೂಟನ್ನೇ ನೋಡುತ್ತಿದ್ದರು.

ದಾನೇಶ್ವರಿ ಮೆಮೊವನ್ನು ಮುಂದಕ್ಕೆಳೆದುಕೊಂಡರು. "ಜಾಮೀನು ಸಿಗೂವಂಥ ಅಪರಾಧ. ಯಾರರ ಜಾಮೀನಾದ್ರ ಈಗ ಮನಿಗೆ ಹೋಗಬಹುದು."

ಓಣಿಯ ಕೈಗಳೆಲ್ಲ ಮೇಲೆದ್ದವು.

"ನಿಮ್ಮದು ನಡಿಯೂದಿಲ್ಲ. ಇಂಥಾ ಕೇಸಿನ್ಯಾಗ ಫಿರ್ಯಾದಿದಾರರ ಜಾಮೀನು ಆಗಬೇಕು. ಯಾರಿಗೆ ಅಂತ ಹೆಸರು ಹಿಡದು, ಎಲ್ಲಾರ ಮುಂದ, ಬಾಯಿಬಿಟ್ಟು ಹೇಳಬೇಕು."

ಇಷ್ಟು ವರ್ಷದ ಸೇವೆಯಲ್ಲಿ ಅಲ್ಲಾಭಕ್ಷ ಅಂಥ ಕಾನೂನು ಕೇಳಿರಲಿಲ್ಲ. "ಹೌದ್ರಿ, ಕಾಯದಾನ ಹಂಗೈತಿ," ಎಂದರು.

ಗುರುಪುತ್ರಪ್ಪನವರು ಎದ್ದು ನಿಂತರು. "ನಮ್ಮ ಮನಿಯಾಕಿಗೆ ನಾ ಜಾಮೀನು..."

"ಹೆಸರು?"

ಅವರ ಕೈ ತಾನಾಗಿ ಜೇಬಿಗೆ ಹೋಗಿ ಚಾಕ್‌ಪೀಸನ್ನು ಹಿಡಿಯಿತು. ಅದು ಎರಡು ತುಂಡಾಯಿತು.

"ಬರೇ ಹೆಸರು ಹೇಳಬ್ಯಾಡ್ರಿ ಅಣ್ಣಾರ," ಎಂದಳು ನಸೀಬಾ. "ಒಡಪು ಬಾಕಿ ಐತಿ."

ಗುರುಪುತ್ರಪ್ಪನವರು ಹೆಂಡತಿಯನ್ನು ನೋಡಲಾಗದೆ ಗೋಡೆಯ ಮೇಲಿನ ನಕಾಶೆಯನ್ನು ನೋಡಿದರು. ತುಟಿ ಎರಡು ಸಲ ಅಲುಗಿತು. ಮೂರನೆಯ ಸಲಕ್ಕೆ, ಶಾಲೆಯಲ್ಲಿ ಪದ್ಯ ಒಪ್ಪಿಸುವ ದನಿಯಲ್ಲಿ, ಬಂತು:

"ಎ ಡಬ್ಬಿ ಬಿ ಡಬ್ಬಿ ಕೂಡಿಸಿದೆ, ನೆಲಾ ಒಣಗಲಿಲ್ಲ ಒಂದೀಟ,
ಕಾಂತಾನ ಹಪ್ಪಳಾ ರಿಜೆಕ್ಟ್ ಮಾಡಿ ಕಲತೆ ಈಗ ಪಾಠ."

ಆಮೇಲೆ ಎದ್ದ ನಗುವಿಗೆ ಲಾಕಪ್ಪಿನಲ್ಲಿದ್ದ ಜೇಬುಗಳ್ಳ ಎಚ್ಚರಗೊಂಡು ಏನಾಯಿತೆಂದು ಕೇಳಿದ. ಕಾಂತಾ ಮಾತ್ರ ನಗಲಿಲ್ಲ. ಸೆರಗಿನ ತುದಿಯಿಂದ ಕಣ್ಣೊತ್ತಿಕೊಂಡರು. ಮೂವತ್ತು ವರ್ಷಕ್ಕೂ ಹೆಚ್ಚು ಕಾದ ಬಸ್ಸು ಕೊನೆಗೆ ಬಂದಿತ್ತು.

ಫಿರ್ಯಾದಿದಾರರು ರಾಜಿಯಾದ್ದರಿಂದ ಪ್ರಕರಣ ಮುಕ್ತಾಯವಾಯಿತು. ಗುರುಪುತ್ರಪ್ಪನವರು ತಾಲಿಬನ ಅಂಗಡಿಗೆ ಖುದ್ದಾಗಿ ಹೋಗಿ, ಮಾಲು ಪಾಸಾಗಿದೆ ಎಂದು ಇನ್ನೊಂದು ವಿಡಿಯೊ ಮಾಡಿ ಎಲ್ಲರಿಗೂ ಕಳಿಸಿದರು, ಮೇಲಧಿಕಾರಿಗಳಿಗೂ. ಅಂತಿಮ ವರದಿಯಲ್ಲಿ ಅಪರಾಧಕ್ಕೆ ಪ್ರೇರಣೆ ಏನು ಎಂಬಲ್ಲಿ ದಾನೇಶ್ವರಿ "ಕೌಟುಂಬಿಕ ಕಾರಣ" ಎಂದು ಬರೆದು, ಸಾಲದೆನಿಸಿ, ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತರು. ಆಮೇಲೆ ಸೇರಿಸಿದರು: "ಆರೋಪಿತಳಿಗೆ ತನ್ನ ಹೆಸರು ಕೇಳಿಸುವ ಜಾಗ ಅದೊಂದೇ ಆಗಿತ್ತು."

ಮೇ ಕೊನೆಯಲ್ಲಿ, ಅಲ್ಲಾಭಕ್ಷರ ಬೂಟು ಬಿಡಿಸಿಟ್ಟಿದ್ದೇವೆ ಬನ್ನಿ ಎಂದು ಕರೆ ಬಂತು. ಇಬ್ಬರೂ ಹೋದರು. ಗುರುಪುತ್ರಪ್ಪನವರು ಅಂಟನ್ನೆಲ್ಲ ಕೆರೆದು ತೆಗೆದು, ತೊಳೆದು, ಮೊದಲಿನಿಂದ ಮತ್ತೆ ಹಚ್ಚಿದ್ದರು. ಈ ಸಲ ನೆಲ ಕಲ್ಲಾಗಿತ್ತು, ಕನ್ನಡಿಯೂ ಆಗಿತ್ತು. ಅದರ ಮೇಲೆ ಬಿಳಿ ಧೋತರ ಹಾಸಿ, ಹತ್ತು ಮಂದಿ ಹೆಂಗಸರು ವರ್ತುಲವಾಗಿ ಕೂತಿದ್ದರು. ಕಾರು ಖಾನಾಪುರದಲ್ಲೇ ಇತ್ತು. ಕೋಳಿ ಮರಿ ಮಾಡಿದೆಯೆಂದು ತಾಲಿಬ ಸುದ್ದಿ ಕಳಿಸಿದ್ದ.

ಹನ್ನೊಂದನೆಯವರಾಗಿ, ಮಣೆಯ ಮುಂದೆ ಚಕ್ಕಳಮಕ್ಕಳ ಹಾಕಿ, ಗುರುಪುತ್ರಪ್ಪನವರು ಲಟ್ಟಣಿಗೆ ಹಿಡಿದು ಕೂತಿದ್ದರು. ಮುಖದ ತುಂಬ ಹಿಟ್ಟು. ನಸೀಬಾ ಅವರ ಹಪ್ಪಳ ಎತ್ತಿ ಬೆಳಕಿಗೆ ಹಿಡಿದಳು. ಒಂದು ಕಡೆ ರೊಟ್ಟಿಯಷ್ಟು ದಪ್ಪ, ಇನ್ನೊಂದು ಕಡೆ ತೂತು.

"ರಿಜೆಕ್ಟ್, ಅಣ್ಣಾರ," ಎಂದು ಬದಿಗಿಟ್ಟಳು. ಬದಿಯಲ್ಲಿ ಅಂಥವು ಅದಾಗಲೇ ಬಹಳ ಇದ್ದವು.

ಗುರುಪುತ್ರಪ್ಪನವರಿಗೆ ಒಪ್ಪಿಗೆಯಾಗಲಿಲ್ಲ. ಮೇಲಿನವರಿಗೆ ಅಪೀಲು ಹೋಗುವುದು ಅವರಿಗೆ ಅಭ್ಯಾಸ. ಹಪ್ಪಳವನ್ನು ವಾಪಸು ಎತ್ತಿಕೊಂಡು, ವರ್ತುಲದ ಆಚೆ ತುದಿಗೆ ಕೇಳುವಂತೆ ಕೂಗಿದರು:

"ಕಾಂತಾ, ಇದನ್ನ ನೀನರ ನೋಡು. ಇದು ಪಾಸ್ ಅಲ್ಲೇನು?"

ಲಟ್ಟಣಿಗೆಗಳು ನಿಂತವು. ಕಾಂತಾ ಎದ್ದು ಬಂದು, ಹಪ್ಪಳ ತೆಗೆದುಕೊಂಡು, ಅಂಚಿನ ಸುತ್ತ ಬೆರಳಾಡಿಸಿ, ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿದರು.

"ರಿಜೆಕ್ಟ್," ಎಂದರು. "ಇನ್ನೊಂದು ಉಂಡಿ ತಗೋರಿ."